ಓಬಣ್ಣ ತಡೆದು ಆಡುತ್ತಿದ್ದ ಮಾತು

ಜಗಳೂರಿನಲ್ಲಿ ಬೋರ್ಡು ಬರೆಯುವ ಓಬಣ್ಣನನ್ನು ಏನಾದರೂ ಕೇಳಿದರೆ ಉತ್ತರ ತಕ್ಷಣ ಬರುತ್ತಿರಲಿಲ್ಲ. ಬ್ರಶ್ಶನ್ನು ಡಬ್ಬಿಯ ಅಂಚಿಗೆ ಒರೆಸಿ, ಬರೆದದ್ದನ್ನು ಒಮ್ಮೆ ನೋಡಿ, ಆಮೇಲೆ ಬಾಯಿ ತೆರೆಯುತ್ತಿದ್ದ. ಹೆಣ್ಣು ನೋಡಲು ಸೊಕ್ಕೆ ಹಳ್ಳಿಗೆ ಬಂದ ದಿನವೂ ಹಾಗೆಯೇ. "ಹುಡುಗಿ ಒಪ್ಪಿಗೇನಪ್ಪಾ?" ಎಂದು ದುರುಗಮ್ಮನ ತಂದೆ ಕೇಳಿ, ಚಹಾ ಆರಿ, ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡ ಮೇಲೆ "ಹೂಂ" ಅಂದಿದ್ದ. ಬಾಗಿಲ ಹಿಂದೆ ನಿಂತ ದುರುಗಮ್ಮನಿಗೆ ಅಷ್ಟು ಹೊತ್ತಿಗೆ ಜೀವ ಬಾಯಿಗೆ ಬಂದಿತ್ತು. ಮದುವೆಯಾದ ಮೇಲೆ ಆ ತಡವೇ ಅವಳಿಗೆ ಆಸರೆಯಾಯಿತು. ಸಿಟ್ಟು ಬಂದಾಗಲೂ ಅವನು ಮೊದಲು ಸುಮ್ಮನಾಗುತ್ತಿದ್ದ. ಸುಮ್ಮನಿರುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು.

ಅವರ ಮೊದಲ ಗಂಡುಮಗು ಹನ್ನೊಂದು ತಿಂಗಳಿಗೆ ಜ್ವರ ಬಂದು ತೀರಿಕೊಂಡಿತು. ಆ ದಿನ ದುರುಗಮ್ಮ ಶೇಂಗಾ ಕೀಳಲು ಹೋಗಿದ್ದಳು. ಮಗುವಿನ ಬಳಿ ಇದ್ದವಳು ಅವಳ ತಂಗಿ, ಹದಿಮೂರರ ಕರಿಬಸಮ್ಮ. "ಎದ್ದೇ ಇದ್ದೆ ಅಕ್ಕ" ಎಂದು ಆ ಹುಡುಗಿ ಅಳುತ್ತಿದ್ದಳು. ಆದರೆ ಅವಳ ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದನ್ನು ದುರುಗಮ್ಮ ನೋಡಿದ್ದಳು. "ಅವಳು ನಿದ್ದೆ ಮಾಡದೆ ಇದ್ದಿದ್ರೆ ನನ್ ಮಗ ಉಳೀತಿದ್ದ" ಎಂದು ಒಂದೇ ಒಂದು ಸಲ, ಗಂಡನ ಮುಂದೆ ಮಾತ್ರ ಅಂದಳು. ಓಬಣ್ಣ ಆ ಮಾತನ್ನು ಇಪ್ಪತ್ತೇಳು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ.

ನಲವತ್ತೇಳನೇ ವಯಸ್ಸಿಗೆ ಅವನ ಬಲಗೈ ಹೆಬ್ಬೆರಳು ನಡುಗತೊಡಗಿತು. ಪಾರ್ಕಿನ್ಸನ್ ಕಾಯಿಲೆ ಅಂದರು. ಆರಂಭದಲ್ಲಿ ಮಾತ್ರೆ ಕೈ ಹಿಡಿಯಿತು, ಬರಬರುತ್ತಾ ಕೈಬಿಟ್ಟಿತು. ಮೊಳದುದ್ದದ ಅಕ್ಷರ ಬರೆಯುತ್ತಿದ್ದವನ ಸಹಿ ಇರುವೆಸಾಲಿನಷ್ಟು ಸಣ್ಣದಾಯಿತು. ಎರಡನೆಯ ಮಗು, ದಾವಣಗೆರೆಯಲ್ಲಿ ನರ್ಸ್ ಆಗಿರುವ ಯಶೋಧರಾ, ಅಪ್ಪನನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದೊಯ್ದಳು. ತಲೆಯೊಳಗೆ ಕೂದಲೆಳೆಯಂಥ ಎರಡು ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಟ್ಟರು. ಕರೆಂಟು ಹರಿಸಿದ ಗಳಿಗೆ ಕೈಯ ನಡುಕ ನಿಂತಿತು. ಊರಿಗೆ ಬಂದ ಮೂರನೇ ವಾರ ಅವನು ಶಾಲೆಯ ಗೋಡೆಗೆ ಏಣಿ ಹಾಕಿ ಬರೆದ. ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ದುರುಗಮ್ಮ ಸೌಟು ಹಿಡಿದೇ ಹೊರಗೆ ಬಂದು ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆದರೆ ಸಾಲಿನ ಕೊನೆಯ ನಾಲ್ಕು ಅಕ್ಷರಗಳು ಜಾಗ ಸಾಲದೆ ಒಂದರ ಮೇಲೊಂದು ಬಿದ್ದಿದ್ದವು. ಅಳತೆ ಮಾಡದೆ ಬ್ರಶ್ ಮುಟ್ಟಿದವನಲ್ಲ ಓಬಣ್ಣ. ಮನೆಯಲ್ಲೂ ಅವಳು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಬರತೊಡಗಿತು. ದಾರಿಯಲ್ಲಿ ಸಿಕ್ಕವರಿಗೆಲ್ಲ ಬೋರ್ಡು ಬರೆದುಕೊಡುತ್ತೇನೆಂದು ಒಪ್ಪಿಕೊಂಡು ಬರುತ್ತಿದ್ದ. ಬದುಕಿ ಬಂದಿದ್ದಾನೆ, ಖುಷಿಯಾಗಿದ್ದಾನೆ ಎಂದು ಅವಳು ಸಮಾಧಾನ ತಂದುಕೊಂಡಳು.

ಕರಿಬಸಮ್ಮ ಮದುವೆಯಾಗಿ ಹೊನ್ನಾಳಿಯಲ್ಲಿದ್ದಳು. ಭಾವ ಹುಷಾರಾದನೆಂದು ಹೋಳಿಗೆ ಮಾಡಿ ಇಬ್ಬರನ್ನೂ ಕರೆದಳು.

"ಕೈ ಹೆಂಗೈತೆ ಭಾವ?" ಎಂದಳು ತುಪ್ಪ ಬಡಿಸುತ್ತಾ.

"ಕೈ ಚೆನ್ನಾಗೈತೆ. ನೀನು ಅವತ್ತು ನಿದ್ದೆ ಮಾಡದೆ ಇದ್ದಿದ್ರೆ ನಮ್ ಮಗನೂ ಚೆನ್ನಾಗಿರ್ತಿದ್ದ ಅಂತಾಳೆ ನಿಮ್ಮಕ್ಕ" ಎಂದ ಓಬಣ್ಣ. ಎಂದವನು ಹೋಳಿಗೆ ಮುರಿದು ಬಾಯಿಗಿಟ್ಟ.

ಕರಿಬಸಮ್ಮ ತುಪ್ಪದ ಗಿಂಡಿಯನ್ನು ನೆಲಕ್ಕಿಟ್ಟು ಒಳಗೆ ಹೋದಳು. ಅವರು ಹೊರಟಾಗಲೂ ಈಚೆ ಬರಲಿಲ್ಲ. ಆಮೇಲೆ ಫೋನನ್ನೂ ಎತ್ತಲಿಲ್ಲ. ಬಸ್ಸಿನಲ್ಲಿ ಗಂಡನ ಪಕ್ಕ ಕೂತು ದುರುಗಮ್ಮ ಅವನ ಕೈ ನೋಡುತ್ತಿದ್ದಳು. ತೊಡೆಯ ಮೇಲೆ ಕಲ್ಲಿನಂತೆ ಅಲುಗದೆ ಇತ್ತು. ನಡುಗುವ ಕೈಯ ಆ ಹಳೆಯ ಮನುಷ್ಯ ಪಕ್ಕದಲ್ಲಿ ಕೂತಿರಬಾರದಿತ್ತೇ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಮುಂದಿನ ತಿಂಗಳ ತಪಾಸಣೆಯಲ್ಲಿ ಬೆಂಗಳೂರಿನ ಆ ಆಸ್ಪತ್ರೆಯ ಡಾಕ್ಟರ್ ಅರುಣಾ, ದುರುಗಮ್ಮ ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡರು. "ನಡುಕ ನಿಲ್ಲಿಸೋಕೆ ತಂತಿ ಇಟ್ಟ ಜಾಗದ ಪಕ್ಕದಲ್ಲೇ, 'ತಡಿ, ಯೋಚನೆ ಮಾಡು' ಅನ್ನೋ ದಾರಿನೂ ಹೋಗುತ್ತೆ ಅಮ್ಮ. ಕರೆಂಟು ಅದಕ್ಕೂ ತಾಗ್ತಿದೆ ಅನ್ಸುತ್ತೆ. ಎಲ್ಲರಿಗೂ ಹೀಗಾಗಲ್ಲ. ಕಡಿಮೆ ಮಾಡಿದರೆ ಸರಿಹೋಗಬಹುದು, ಆದರೆ ನಡುಕ ಸ್ವಲ್ಪ ವಾಪಸ್ ಬರುತ್ತೆ. ಏನ್ ಓಬಣ್ಣನವರೇ, ಕಡಿಮೆ ಮಾ..."

"ಬ್ಯಾಡ" ಎಂದ ಓಬಣ್ಣ.

"ಇವತ್ತೊಂದಿನ ಮಾಡಿ ನೋಡೋಣ. ಆಮೇಲೆ ನೀವೇ ಹೇಳಿ."

ಅವನು ಒಪ್ಪಿದ. ಡಾಕ್ಟರ್ ಕರೆಂಟು ಇಳಿಸಿ, ಇಬ್ಬರನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ಅಲುಗಿತು. ಊಟದ ಹೊತ್ತಿಗೆ ಇಡೀ ಕೈ.

"ಹೆಂಗ್ ಮಾಡಣ್ರಿ?" ಎಂದಳು ದುರುಗಮ್ಮ.

ಓಬಣ್ಣ ಮಾತಾಡಲಿಲ್ಲ. ತನ್ನ ಕೈಯನ್ನೇ ನೋಡುತ್ತಿದ್ದ. ಯಾರದೋ ಟೋಕನ್ ನಂಬರು ಕೂಗಿದರು, ಇನ್ನೊಬ್ಬರದು ಕೂಗಿದರು. ನಾಲ್ಕು ತಿಂಗಳಿಂದ ತಾನು ಹುಡುಕುತ್ತಿದ್ದ ಮೌನ ಇದೇ ಎಂದು ದುರುಗಮ್ಮನಿಗೆ ಗೊತ್ತಾಯಿತು. ಅವಸರ ಮಾಡಲಿಲ್ಲ.

"ಹೊನ್ನಾಳಿಗೆ ಹೋಗ್ಬೇಕು" ಎಂದ ಕೊನೆಗೆ. "ಆ ಮಾತು ಅನ್ನಬಾರದು ಅಂತ ನನಗೆ ಗೊತ್ತಿತ್ತು ದುರುಗಿ. ಗೊತ್ತಿದ್ರೂ ಬಾಯಿ ಮುಂದೆ ಹೋತು." ಮತ್ತೆ ಬಹಳ ಹೊತ್ತಿನ ಮೇಲೆ, "ಆದ್ರೆ ಬರಿಯೋದ್ ಬಿಡಾಕೆ ನನ್ ಕೈಲಿ ಆಗಲ್ಲ."

ಡಾಕ್ಟರ್ ಕರೆಂಟಿನ ಎರಡು ಮಟ್ಟ ಇಟ್ಟುಕೊಟ್ಟರು. ಕೆಲಸದ ಹೊತ್ತಿಗೆ ಒಂದು, ಮನೆಗೆ ಒಂದು. ಚಿಕ್ಕ ರಿಮೋಟಿನಲ್ಲಿ ಅವನೇ ಬದಲಾಯಿಸಿಕೊಳ್ಳಬಹುದು.

ಹೊನ್ನಾಳಿಗೆ ಅವನು ಕಡಿಮೆ ಕರೆಂಟಿನಲ್ಲೇ ಹೋದ. ಕರಿಬಸಮ್ಮ ಬಾಗಿಲು ತೆರೆದಳು, ನೀರು ಕೊಟ್ಟಳು. ಓಬಣ್ಣನ ಕೈಯಲ್ಲಿ ಲೋಟ ಕುಣಿದು ಅಂಗಿ ಒದ್ದೆಯಾಯಿತು. "ತಪ್ಪಾತು ಕಣವ್ವ" ಎಂದ. ಕರಿಬಸಮ್ಮ ಲೋಟವನ್ನು ತಾನೇ ಹಿಡಿದು ಕುಡಿಸಿದಳು. ಆಮೇಲೆ ಅಕ್ಕನ ಕಡೆ ತಿರುಗಿದಳು.

"ನಿದ್ದೆ ಹೋಗಿದ್ದೆ ಅಕ್ಕ. ಕೇಳ್ತೀಯ ಅಂತ ಇಷ್ಟು ವರ್ಷ ಕಾದೆ. ನೀನು ಕೇಳಲೇ ಇಲ್ಲ."

"ನೀನೂ ಮಗುವೇ ಅಲ್ಲೇನೇ ಆಗ" ಎಂದಳು ದುರುಗಮ್ಮ. ಇಪ್ಪತ್ತೇಳು ವರ್ಷದಲ್ಲಿ ಕೇಳದಿದ್ದನ್ನು ಈಗ ಕೇಳಿದಳು. "ನಿದ್ದೆ ಹತ್ತೋಕೆ ಮುಂಚೆ ಅವನು ಏನ್ ಮಾಡ್ತಿದ್ದ?"

"ನನ್ ಬೆರಳು ಹಿಡ್ಕೊಂಡಿದ್ದ. ಬಿಡಿಸಿಕೊಳ್ಳಾಕೆ ಮನಸ್ಸು ಬರ್ಲಿಲ್ಲ. ಅಲ್ಲೇ ಮಲಗಿದೆ."

ಅಕ್ಕತಂಗಿಯರು ಆ ಮಧ್ಯಾಹ್ನ ಆ ಮಗುವಿನ ಬಗ್ಗೆ ಮಾತಾಡಿದರು: ಹಲ್ಲು ಎಷ್ಟು ಬಂದಿದ್ದವು, ಯಾವ ಕಿವಿ ಮಡಚಿತ್ತು. ಓಬಣ್ಣ ಸುಮ್ಮನೆ ಕೇಳುತ್ತಿದ್ದ.

ಈಗ ಅವನು ಹಗಲು ಗೋಡೆಗಳಿಗೆ ಬರೆಯುತ್ತಾನೆ. ಬರೆಯುವ ಮುಂಚೆ ಯಾರಾದರೂ ಅಳತೆ ನೋಡಿಕೊಡಬೇಕು. ಸಂಜೆ ಮನೆಗೆ ಬಂದು ರಿಮೋಟು ಒತ್ತಿದರೆ, ನಡುಗುವ ಕೈಯ, ತಡೆದು ಮಾತಾಡುವ ಗಂಡ ನಿಧಾನಕ್ಕೆ ಅವಳ ಮುಂದೆ ಬಂದು ಕೂರುತ್ತಾನೆ. ಅಂಥ ಸಂಜೆಗಳಿಗೆ ದುರುಗಮ್ಮ ಬೆಳಿಗ್ಗೆಯಿಂದ ಕಾಯುತ್ತಾಳೆ. ಕೆಲವು ದಿನ ಅವನು ಒತ್ತುವುದನ್ನೇ ಮರೆಯುತ್ತಾನೆ. ಗಟ್ಟಿ ಕೈಯಲ್ಲಿ ತಾನೇ ರೊಟ್ಟಿ ಮುರಿದು ತಿನ್ನುತ್ತಾ, ಆ ದಿನದ ಬೋರ್ಡಿನ ಬಣ್ಣ ಹೆಂಗೆ ಬಂತೆಂದು ಒಂದೇ ಸಮನೆ ಹೇಳುತ್ತಾನೆ. "ಒತ್ತಿಲ್ಲ ನೋಡ್ರಿ" ಎಂದು ಜ್ಞಾಪಿಸಿದರೆ ಸಾಕು. ಅದನ್ನು ಹೇಳದೆ ಅವಳು ಇನ್ನೊಂದು ರೊಟ್ಟಿ ಹಾಕಿ ಕೇಳುತ್ತಾ ಕೂರುತ್ತಾಳೆ.