ಕ್ಯಾಟ್‌ಫಿಶ್ ಕೆರೆಯ ಲಕ್ಕಮ್ಮ

ಗೆಂಡೆಹಳ್ಳಿಯಿಂದ ಒಂದು ಮೈಲಿ ಆಚೆಗಿರುವ ಕೆರೆಯಲ್ಲಿ ಲಕ್ಕಮ್ಮ ಗಾಳ ಹಾಕದ ವಾರವೇ ಇರಲಿಲ್ಲ. ಗಂಡ ಸತ್ತ ಮೇಲೆ ಕೂಲಿಯ ಜೊತೆಗೆ ಅವಳನ್ನು ಸಾಕಿದ್ದು ಅಪ್ಪ ಕಲಿಸಿದ ಈ ವಿದ್ಯೆ. ತೂಬಿನ ಕಲ್ಲಿನ ಮೇಲೆ ಬಿದಿರುಕಡ್ಡಿ ಹಿಡಿದು ಕೂತರೆ ಮಧ್ಯಾಹ್ನದೊಳಗೆ ಸಾರಿಗಾಗುವಷ್ಟು ಕೊರವ ಮೀನು ಸಿಗುತ್ತಿತ್ತು. ಹೆಚ್ಚಾದದ್ದನ್ನು ಸಂತೆಯಲ್ಲಿ ಮಾರುತ್ತಿದ್ದಳು. ಬಲೆ ಕೆರೆ ಹರಾಜು ಹಿಡಿದವನಿಗೆ, ಗಾಳ ಊರಿನವರಿಗೆ ಎಂಬುದು ಅಲ್ಲಿನ ಹಳೆಯ ಕಟ್ಟಳೆ.

ತೊಂಬತ್ತೇಳರಲ್ಲಿ ಕೆರೆಯ ಹರಾಜು ಅರಸೀಕೆರೆಯ ಇಂದ್ರೇಶನಿಗೆ ಆಯಿತು. ಅವನು ಪ್ಲಾಸ್ಟಿಕ್ ಚೀಲಗಳಲ್ಲಿ ಬೆರಳುದ್ದದ ಕರಿ ಮರಿಗಳನ್ನು ತಂದು ಕೆರೆಗೆ ಬಿಡಿಸಿದ. ಅವಕ್ಕೆ ಬೆಕ್ಕಿನಂತೆ ಮೀಸೆ. ಆಫ್ರಿಕದ ಕ್ಯಾಟ್‌ಫಿಶ್, ವರ್ಷ ತುಂಬುವುದರೊಳಗೆ ಕೆ.ಜಿ.ಗಟ್ಟಲೆ ಬೆಳೆಯುತ್ತದೆ ಎಂದ. ಕೋಳಿ ಅಂಗಡಿಗಳ ಕರುಳನ್ನು ಟೆಂಪೋದಲ್ಲಿ ತಂದು ನೀರಿಗೆ ಸುರಿಸಿದ. ಕಾವಲಿಗೆ ಲಕ್ಕಮ್ಮನ ತಮ್ಮ ಪುಟ್ಟರಾಜುವನ್ನೇ ಇಟ್ಟುಕೊಂಡ.

ಒಂದೂವರೆ ವರ್ಷದಲ್ಲಿ ಕೆರೆಯ ಸ್ವರೂಪವೇ ಬದಲಾಯಿತು. ಕೊರವ ಕಾಣೆಯಾಯಿತು. ನೀರುಕೋಳಿಯ ಮರಿಗಳನ್ನು ತೇಲುತ್ತಿದ್ದಂತೆಯೇ ಕ್ಯಾಟ್‌ಫಿಶ್ ಒಂದೊಂದಾಗಿ ಒಳಗೆ ಸೆಳೆದುಕೊಳ್ಳುವುದನ್ನು ಲಕ್ಕಮ್ಮ ಕಣ್ಣಾರೆ ಕಂಡಳು. ನಾತಕ್ಕೆ ದನಗಳು ನೀರು ಕುಡಿಯದೆ ಹಿಂದಿರುಗಿದವು.

ಅವಳ ಗಾಳಕ್ಕೆ ಮೊದಲ ಕ್ಯಾಟ್‌ಫಿಶ್ ಬಿದ್ದ ದಿನ ಕಡ್ಡಿ ಮುರಿದೇ ಹೋಯಿತು. ದಾರವನ್ನು ಅಂಗೈಗೆ ಸುತ್ತಿಕೊಂಡು ಎಳೆದಳು. ದಾರ ಚರ್ಮ ಕೊಯ್ದು ರಕ್ತ ಮೊಳಕೈವರೆಗೆ ಇಳಿಯಿತು. ದಡಕ್ಕೆ ಬಿದ್ದ ಮೀನು ಸಾಯಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ಉಜ್ಜುತ್ತ ನೀರಿನ ಕಡೆಗೇ ತೆವಳಿತು. ಅದರ ಮೇಲೆ ಮಂಡಿಯೂರಿ ಕೂತು ಕಲ್ಲಿನಿಂದ ತಲೆ ಜಜ್ಜಿದಳು. ಆರೇಳು ಏಟಾದ ಮೇಲೂ ಬಾಯಿ ತೆರೆದು ಮುಚ್ಚುತ್ತಲೇ ಇತ್ತು.

ಸುದ್ದಿ ಹಬ್ಬಿತು. ಭಾನುವಾರದ ಮೊದಲ ಬಸ್ಸಿಗೆ ಅರಸೀಕೆರೆಯಿಂದ, ಹಳೇಬೀಡಿನಿಂದ ಗಾಳದವರು ಬಂದಿಳಿದರು. ಬೇಲೂರಿನವರು ಲೂನಾ ಮೇಲೆ ಬಂದರು. ಅಂಥ ದೊಡ್ಡ ಮೀನನ್ನು ಗಾಳದಲ್ಲಿ ಎಳೆದವರು ಆ ಕಡೆ ಯಾರೂ ಇರಲಿಲ್ಲ. ಎಲ್ಲಿ ಕೂರಬೇಕು, ಎಷ್ಟು ದಾರ ಬಿಡಬೇಕು ಎಂದು ತೋರಿಸುತ್ತ ಲಕ್ಕಮ್ಮ ಅವರಿಗೆಲ್ಲ ಗುರುವಾದಳು.

ಇಂದ್ರೇಶನಿಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಇಬ್ಬರು ಆಳುಗಳೊಂದಿಗೆ ಜೀಪಿನಲ್ಲಿ ಬಂದವನೇ ಸಿಕ್ಕ ಸಿಕ್ಕ ಕಡ್ಡಿಗಳನ್ನು ಮುರಿಸಿದ. ಬೇಲೂರಿನವನೊಬ್ಬನ ಮೂಗು ಒಡೆದು, ಅವನ ಲೂನಾವನ್ನು ಕೆರೆಗೆ ತಳ್ಳಿಸಿದ. ಎಲ್ಲರೂ ಓಡಿದರು. ಲಕ್ಕಮ್ಮ ಮಾತ್ರ ಕಲ್ಲು ಬಿಟ್ಟು ಏಳಲಿಲ್ಲ.

"ಎದ್ದೋಗಕ್ಕ, ನೋಡ್ತಾವ್ರೆ," ಎಂದ ಪುಟ್ಟರಾಜು, ಹತ್ತಿರ ಬಂದು.

"ನೋಡ್ಲಿ. ನಾನೇನು ಬಲೆ ಹಾಕಿವ್ನಾ?"

"ಏನ್ಲಾ ಮಾತು? ಹೊಡೀಲಾ," ಎಂದು ಇಂದ್ರೇಶ ಹಿಂದಿನಿಂದ ಗದರಿದ. "ನಿನ್ ಕೈಲಾಗ್ದಿದ್ರೆ ಹೇಳು, ಬೇರೆಯವ್ನ ಇಡ್ತೀನಿ."

ಪುಟ್ಟರಾಜು ದೊಣ್ಣೆ ಬೀಸಿದ. ಏಟು ಅಕ್ಕನ ಗಾಳ ಹಿಡಿದ ಬಲಗೈಯ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದ ಸದ್ದು ಅವನಿಗೂ ಕೇಳಿಸಿತು. ದೊಣ್ಣೆ ಕೆಳಗಿಟ್ಟು ಅಲ್ಲೇ ನಿಂತುಬಿಟ್ಟ.

ಕೆಳಗೆ ಬಿದ್ದ ಗಾಳದ ದಾರಕ್ಕೆ ಇಂದ್ರೇಶ ಕೈಹಾಕಿದ. ಲಕ್ಕಮ್ಮ ಎಡಗೈಯಲ್ಲಿ ಕಡ್ಡಿ ಹಿಡಿದು ಒಮ್ಮೆಲೇ ಜಗ್ಗಿದಳು. ಕ್ಯಾಟ್‌ಫಿಶ್‌ಗೆಂದೇ ತರಿಸಿದ್ದ ದಪ್ಪ ಗಾಳ ಅವನ ಅಂಗೈಗೆ ನಾಟಿ ಹಿಂಬದಿಯಿಂದ ಹೊರಬಂತು. ಅವಳು ಬಿಡಲಿಲ್ಲ. ಎಳೆಯುತ್ತ ಎಳೆಯುತ್ತ ಅವನನ್ನು ಕೆಸರಿನಲ್ಲಿ ಮಂಡಿಯೂರಿಸಿದಳು.

"ನನ್ ಕೈ ಮುರ್ದೋನು ನನ್ ತಮ್ಮ. ಅವನ್ನ ಏನ್ ಮಾಡ್ಲಿ? ನೀನು ಯಾರು ನಂಗೆ?"

ಆಳುಗಳು ಅವಳ ಪಕ್ಕೆಗೆ ಒದ್ದರು. ಒಂದು ಒದೆತಕ್ಕೆ ಬಾಯಲ್ಲಿ ರಕ್ತ ಬಂತು. ಆದರೂ ಕಡ್ಡಿ ಕೈಯಿಂದ ಜಾರಲಿಲ್ಲ. ಕೊನೆಗೆ ಪುಟ್ಟರಾಜುವೇ ಚಾಕು ತೆಗೆದು ದಾರ ಕತ್ತರಿಸಿದ.

ಯಾರೂ ದೂರು ಕೊಡಲಿಲ್ಲ. ಹೆಂಗಸಿನ ಗಾಳಕ್ಕೆ ಸಿಕ್ಕಿದೆ ಎಂದು ಹೇಳಿಕೊಳ್ಳುವುದು ಇಂದ್ರೇಶನಿಗೆ ಅವಮಾನ. ದೂರು ಕೊಟ್ಟರೆ ಮೊದಲು ಜೈಲಿಗೆ ಹೋಗುವವನು ತಮ್ಮ ಎಂಬುದು ಲಕ್ಕಮ್ಮನಿಗೆ ಗೊತ್ತಿತ್ತು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಅವಳು ತಮ್ಮನೊಂದಿಗೆ ಮಾತು ಬಿಟ್ಟಳು.

ಎರಡು ಸಾವಿರದ ಇಸವಿಯಲ್ಲಿ ಸರ್ಕಾರ ಆ ಮೀನು ಸಾಕುವುದನ್ನೇ ನಿಷೇಧಿಸಿತು. ಇಂದ್ರೇಶ ಮತ್ತೆ ಕೆರೆಯ ಕಡೆ ತಲೆಹಾಕಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ನೀರು ಮೊಣಕಾಲುದ್ದಕ್ಕೆ ಇಳಿದಾಗ ಪಂಚಾಯ್ತಿಯವರು ಬಲೆ ಎಳೆಸಿದರು. ಮೀನುಗಳು ಕೆಸರಿನೊಳಗೆ ಹುದುಗಿದವು. ಆಗ ತಮಟೆ ಹೊಡೆಸಿ, ಯಾರು ಬೇಕಾದರೂ ಗಾಳ ಹಾಕಿ ಕೊಲ್ಲಬಹುದು ಎಂದು ಸಾರಿಸಿದರು.

ಮೂರು ವಾರ ಕೊಲೆಯೇ ಕೊಲೆ. ಗಾಳದವರು ಎಳೆದು ಹಾಕುವುದು, ಊರಿನವರು ದೊಣ್ಣೆಯಿಂದ ಜಜ್ಜುವುದು. ಏರಿಯ ಮೇಲೆ ಲೋಳೆಗೂ ರಕ್ತಕ್ಕೂ ಕಾಲು ಜಾರುತ್ತಿತ್ತು. ಹದ್ದುಗಳು ಹಾರಲಾರದಷ್ಟು ತಿಂದು ನೆಲದ ಮೇಲೆಯೇ ಕುಳಿತಿದ್ದವು. ಲಕ್ಕಮ್ಮ ಎಡಗೈಯಲ್ಲಿ ಗಾಳ ಹಿಡಿದೇ ಎಲ್ಲರಿಗಿಂತ ಹೆಚ್ಚು ಎಳೆದಳು.

ಆ ಗದ್ದಲದಲ್ಲೇ ಪುಟ್ಟರಾಜುವಿನ ಪಾದಕ್ಕೆ ಮೀನಿನ ಮುಳ್ಳು ಹೊಕ್ಕು ಒಳಗೇ ಮುರಿಯಿತು. ಮೂರನೇ ದಿನಕ್ಕೆ ಕಾಲು ಬಾತು ಕಪ್ಪಾಯಿತು. ಅವನು ಆಸ್ಪತ್ರೆಗೆ ಒಪ್ಪಲಿಲ್ಲ. ಅವನ ಹೆಂಡತಿ ಆಶಾರಾಣಿ ಕೆರೆಗೇ ಬಂದಳು.

"ಅಕ್ಕ, ನೀವು ಬಂದ್ರೆ ಕಾಲು ಮುಟ್ಟಕ್ಕೆ ಬಿಡ್ತಾರಂತೆ."

ಲಕ್ಕಮ್ಮ ಕೈ ತೊಳೆದು ಹೋದಳು. ಬ್ಲೇಡು ಕಾಯಿಸಿ ಪಾದ ಸೀಳಿ, ಕೀವು ಹಿಂಡಿ, ಮುಳ್ಳಿನ ತುಂಡನ್ನು ಕಿತ್ತಳು. ಪುಟ್ಟರಾಜು ಮಂಚದ ಹಗ್ಗ ಕಚ್ಚಿ ಹಿಡಿದಿದ್ದ.

"ಮಾತಾಡ್ಸಕ್ಕ ನನ್ನ," ಎಂದ, ನೋವು ತುಸು ಇಳಿದ ಮೇಲೆ.

"ಮಾತಾಡಕ್ಕೆ ಏನೈತೆ? ಕಾಲು ಅಲ್ಲಾಡುಸ್ಬೇಡ."

ಅರಿಶಿನ ಒತ್ತಿ ಬಟ್ಟೆ ಕಟ್ಟಿ, ಮಾರನೇ ದಿನ ಬೇಲೂರಿನ ಬಸ್ಸು ಹತ್ತಿಸಿ ತಾನೇ ಆಸ್ಪತ್ರೆಗೆ ಕರೆದೊಯ್ದಳು. ಕಾಲು ಉಳಿಯಿತು. ಎರಡು ಬೆರಳು ಹೋದವು.

ಮುಂದಿನ ಹರಾಜಿನಲ್ಲಿ, ಊರವರ ಗಾಳಕ್ಕೆ ತಡೆಯಿಲ್ಲ ಎಂಬ ಸಾಲನ್ನು ಪಂಚಾಯ್ತಿ ಕಾಗದದಲ್ಲೇ ಬರೆಯಿತು. ಕೊರವ ತಿರುಗಿ ಕಾಣಿಸಿಕೊಳ್ಳಲು ನಾಲ್ಕು ವರ್ಷ ಬೇಕಾಯಿತು. ಕ್ಯಾಟ್‌ಫಿಶ್ ಕೂಡ ಪೂರ್ತಿ ನಾಶವಾಗಲಿಲ್ಲ, ವರ್ಷಕ್ಕೊಂದೆರಡು ಈಗಲೂ ಬೀಳುತ್ತವೆ. ಲಕ್ಕಮ್ಮ ಅವನ್ನು ಮನೆಗೆ ಒಯ್ಯುವುದಿಲ್ಲ. ತಲೆ ಜಜ್ಜಿ ಏರಿಯ ನಾಯಿಗಳಿಗೆ ಎಸೆದು, ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ನೀರು ನೋಡುತ್ತ ಕೂರುತ್ತಾಳೆ.