ಆಯಿ ಯಾರಿಗೂ ತೋರಿಸದ ಹಗೇವು

ಕನಸಿನಲ್ಲಿ ಮೊಮ್ಮಗಳ ತೊಟ್ಟಿಲು ನೆಲದೊಳಗೆ ಇಳಿದುಹೋಯಿತು. ಮೊನ್ನೆಯ ಮಳೆಗೆ ನರಗುಂದದ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಪಡಸಾಲೆ ನಿಜಕ್ಕೂ ಕುಸಿದಿದೆ. ಕೆಳಗೆ ಹಳೆಯ ಹಗೇವು, ಅಂದರೆ ಜೋಳ ತುಂಬಿಡುತ್ತಿದ್ದ ಗುಂಡಿ. ಅದರೊಳಗಿಂದ ಮುಗ್ಗಿದ ಜೋಳದ ವಾಸನೆ ಬಂತು.

ನಮ್ಮಪ್ಪನ ತಾಯಿ, ಆಯಿಯ ಸೀರೆಗೂ ಅದೇ ವಾಸನೆ ಇರುತ್ತಿತ್ತು. ನಮ್ಮ ಮನೆಯೊಳಗಿನ ಹಗೇವು ತೆರೆಯುವ ದಿನ ಕೆಟ್ಟ ಗಾಳಿ ಇರುತ್ತದೆಂದು ಮಕ್ಕಳನ್ನು ಹೊರಗೆ ಕಳಿಸುತ್ತಿದ್ದರು. ನಾವು ಮರಳುವಷ್ಟರಲ್ಲಿ ಆಯಿ ಹಗೇವಿನ ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಮನೆಯನ್ನೆಲ್ಲ ಸಾರಿಸಿರುತ್ತಿದ್ದಳು. ಕಳ್ಳರಿಗೆ ಗುರುತು ಸಿಗಬಾರದು.

"ಹಗೇವು ಎಲ್ಲೈತಿ ಹೇಳಬೇ ಆಯಿ" ಅಂತ ಒಮ್ಮೆ ಕೇಳಿದೆ.

"ಬೀಸೂಕಲ್ಲಿನ ಬುಡಕ. ಯಾರ ಮುಂದೂ ಬಾಯಿ ಬಿಡಬ್ಯಾಡ."

ಅಕ್ಕನಿಗೆ ಬಾಗಿಲ ಹತ್ತಿರ ಅಂದಿದ್ದಳು. ಜಗಳವಾಡುತ್ತ ಕೇಳಲು ಹೋದರೆ ನಕ್ಕಳು. "ನಿಮ್ಮ ಹೊಟ್ಟ್ಯಾಗ ಮಾತು ನಿಲ್ಲೂದಿಲ್ಲ. ಖರೇ ಹೇಳಿದ್ರ ಊರಿಗೆಲ್ಲಾ ಡಂಗುರಾ ಹೊಡಿತೀರಿ."

ಈಗ ಅಲ್ಲೆಲ್ಲ ಟೈಲ್ಸ್ ಹಾಕಿದ್ದೇವೆ. ಆ ಎರಡೂ ಕಡೆ ಬಿಟ್ಟು ತೊಟ್ಟಿಲನ್ನು ಕಿಟಕಿಯ ಕೆಳಗೆ ಸರಿಸಿದ್ದೇನೆ. ಆದರೆ ಆಯಿ ಹೇಳಿದ್ದೆರಡೂ ಸುಳ್ಳಾದರೆ, ಅವಳು ಯಾರಿಗೂ ಹೇಳದೆ ಉಳಿಸಿಕೊಂಡ ಜಾಗ ಅದೊಂದೇ ಅಲ್ಲವೇ?

ಗಜೇಂದ್ರಗಡದಲ್ಲಿರುವ ಅಕ್ಕಾ, ಇದನ್ನು ಓದಿದರೆ ಫೋನ್ ಮಾಡು. ಆಯಿ ದಿನಾ ಕಾವಲಿಗೆ ಕೂತವರಂತೆ ಹಾಸಿಗೆ ಹಾಸುತ್ತಿದ್ದದ್ದು ಕಿಟಕಿಯ ಕೆಳಗೇನಾ? ಇನ್ನೊಮ್ಮೆ ಸರಿಯಾಗಿ ನೆನಪು ಮಾಡಿಕೊಂಡು ಹೇಳು.