ಬುಗುರಿ ಒರೆಸಿಹಾಕಿದ ಗುರುತು

ನನ್ನ ತಂಗಿ ಮಗನಿಗೆ ಬುಗುರಿ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟವರಂತೂ ಅವನನ್ನ ಚೆನ್ನಾಗಿ ನೋಡಿಯೇ ಇಟ್ಟಿದಾರೆ. ಕೂತ ಕಡೆ ಕೂರೋ ಜೀವ ಅಲ್ಲ ಅದು. ಮನೇಲಿರೋ ಫೋಟೋ ಎಲ್ಲಾ ತೆಗೆದು ನೋಡಿ, ಮಿಕ್ಕವರ ಮುಖ ನೆಟ್ಟಗಿರುತ್ತೆ, ಇವನ ಮುಖದ ಜಾಗದಲ್ಲಿ ಬರೀ ಹೊಗೆ. ಊಟಕ್ಕೆ ಕೂತ್ರೆ ಕಾಲು ಕುಣೀತಾನೇ ಇರುತ್ತೆ, ಅದರ ಜೊತೆ ಮೇಜಿನ ಮೇಲಿನ ಲೋಟಾನೂ ಕುಣಿಯುತ್ತೆ. ಕಾಲಲ್ಲಿ ಚಕ್ರ ಇಟ್ಕೊಂಡು ಹುಟ್ಟಿದೀಯ ಅಂತ ನನ್ನ ತಂಗಿ ಬೈತಿದ್ದಳು. ಚಕ್ರ ಇರೋ ಕಡೆಗೇ ಹೋಗಿ ಸೇರ್ಕೊಂಡ, ಕಾರು ಮೆಕ್ಯಾನಿಕ್ ಆದ.

ಕೆಲಸ ಕಲಿಸಿದ್ದು ಅವನ ಮಾವ. ಮೊದಲು ಗುರು, ಆಮೇಲೆ ಹೆಣ್ಣು ಕೊಟ್ಟ ಮಾವ. ಆ ಮನುಷ್ಯ ಬಂಡೆಗಲ್ಲು. ಬಾನೆಟ್ ಎತ್ತಿ ಒಳಗೆ ನೋಡ್ತಾ ನಿಂತರೆ ಕಾಗೆ ಬಂದು ತಲೆ ಮೇಲೆ ಕೂತರೂ ಗೊತ್ತಾಗಲ್ಲ. ಮಗಳನ್ನ ಎರಡನೇ ಮಾತಿಲ್ಲದೆ ಕೊಟ್ಟರು, ತಮ್ಮ ರಿಪೇರಿ ಶೆಡ್ಡಿನ ಕೀಲಿ ಮಾತ್ರ ಕೊಡಲಿಲ್ಲ. "ಕೆಲಸ ಬರುತ್ತೆ ನಿನಗೆ. ಕೈ ಸುಮ್ಮನಿರೋದು ಬರಲ್ಲ," ಅಂತಿದ್ದರು. ಬೆಳಿಗ್ಗೆ ಅವರು ಬಂದು ಬಾಗಿಲು ತೆಗೀಬೇಕು, ಅಲ್ಲೀತನಕ ಇವನು ಬೀದೀಲಿ ಶತಪಥ ತಿರುಗ್ತಿರಬೇಕು.

ಈಚೆಗೆ ಮಾವನಿಗೆ ಮಂಡಿ ಕೈಕೊಡ್ತು. ಕೈ ಕೊಟ್ಟಿದ್ದು ಮಂಡಿ, ಕೋಪ ಎಲ್ಲ ಬಾಯಿಗೆ ಬಂತು, ಅದು ಬೇರೆ ಕತೆ, ನನ್ನ ಮಂಡಿಯದ್ದೂ ಅದೇ ಕತೆ. ಪಕ್ಕದ ಟೈರ್ ಅಂಗಡಿಯವನು ಶೆಡ್ಡು ಬಾಡಿಗೆಗೆ ಕೊಡಿ ಅಂತ ದಿನಾ ಬಂದು ಕೂರೋಕೆ ಶುರುಮಾಡಿದ. ಮಾವ ಒಂದು ದಿನ ಅಳಿಯನನ್ನ ಕರೆದು ಹೇಳಿದರು:

"ನನ್ನ ಕಾರಿನ ವಾಟರ್ ಪಂಪ್ ಸೋರ್ತಿದೆ. ಟೈಮಿಂಗ್ ಬೆಲ್ಟ್ ಬಿಚ್ಚದೆ ಅದು ಈಚೆ ಬರಲ್ಲ. ನೀನೊಬ್ಬನೇ ಮಾಡು. ಸಂಜೆ ಬಂದು ಓಡಿಸ್ಕೊಂಡು ಹೋಗ್ತೀನಿ. ಸರಿಯಾಗಿದ್ರೆ ಕೀಲಿ ನಿಂದು, ಇಲ್ಲಾಂದ್ರೆ ಶೆಡ್ಡು ಟೈರಿನವನಿಗೆ."

ಆ ಬೆಲ್ಟ್ ಏನು ಅಂದ್ರೆ, ಹಲ್ಲಿರೋ ಒಂದು ರಬ್ಬರ್ ಪಟ್ಟಿ. ಇಂಜಿನ್ನಿನ ಕೆಳಗೊಂದು ಚಕ್ರ, ಮೇಲೊಂದು ಚಕ್ರ, ಎರಡಕ್ಕೂ ಗಂಟುಹಾಕಿರುತ್ತೆ. ಕೆಳಗಿನ ಚಕ್ರ ಪಿಸ್ಟನ್ನುಗಳನ್ನ ಏರಿಸಿ ಇಳಿಸುತ್ತೆ, ಮೇಲಿನದು ವಾಲ್ವುಗಳ ಬಾಯಿ ತೆಗೆಸಿ ಮುಚ್ಚಿಸುತ್ತೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕ್ತಾರಲ್ಲ, ಹಾಗೆ. ಒಬ್ಬರು ಎತ್ತಿದಾಗ ಇನ್ನೊಬ್ಬರು ಕುಟ್ಟಬೇಕು. ತಾಳ ತಪ್ಪಿತೋ, ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತೆ, ಇಂಜಿನ್ ಗುಜರಿಗೆ. ಅದಕ್ಕೇ ಬಿಚ್ಚೋಕೆ ಮುಂಚೆ ಎರಡು ಚಕ್ರಕ್ಕೂ ಗುರುತು ಹಾಕ್ಬೇಕು, ಬಿಚ್ಚಿದ ಮೇಲೆ ಯಾವುದನ್ನೂ ಅಲ್ಲಾಡಿಸಬಾರದು.

ಬುಗುರಿ ಗುರುತು ಹಾಕಿದ. ಹೆಂಡತಿಯ ಕೆಂಪು ಉಗುರುಬಣ್ಣದಲ್ಲಿ, ಚೆಂದವಾಗಿ. ಬೆಲ್ಟ್ ಬಿಚ್ಚಿದ, ಹಳೇ ಪಂಪ್ ಇಳಿಸಿದ. ಹೊಸ ಪಂಪಿಗೆ ಫೋನ್ ಮಾಡಿದ್ರೆ ಅಂಗಡಿಯವನು "ಈಗ ಬಂತು, ಈಗ ಬಂತು" ಅಂತಾನೆ. ಅವನ ಈಗ ಅಂದ್ರೆ ನಿಮಗೆ ಗೊತ್ತಲ್ಲ. ಬುಗುರಿ ಬಾಗಿಲಿಗೆ ಹೋದ, ಬಂದ. ಸ್ಪ್ಯಾನರ್‌ಗಳನ್ನ ಜೋಡಿಸಿದ, ಕೆಡಿಸಿ ಮತ್ತೆ ಜೋಡಿಸಿದ. ಕೊನೆಗೆ ಕಣ್ಣು ಇಂಜಿನ್ ಮೇಲೆ ಬಿತ್ತು. ಎಷ್ಟು ಜಿಡ್ಡು, ಮಾವ ಬಂದಾಗ ಫಳಫಳ ಅನ್ನಲಿ ಅಂದ್ಕೊಂಡು ಥಿನ್ನರ್ ಸುರಿದು ಬಟ್ಟೆ ತಗೊಂಡು ಉಜ್ಜಿದ. ಚಕ್ರದ ಹಲ್ಲುಗಳ ಸಂದೀನೂ ಬಿಡಬಾರದು ಅಂತ ತಿರುಗಿಸಿ ತಿರುಗಿಸಿ ಉಜ್ಜಿದ. ಬಟ್ಟೆ ಹಿಂಡೋಕೆ ನೋಡಿದಾಗ ಅದರಲ್ಲಿ ಕೆಂಪು.

ಉಗುರುಬಣ್ಣ ಥಿನ್ನರಿಗೆ ನಿಲ್ಲುತ್ತಾ? ಚಕ್ರದ ಮೇಲೆ ಏನೂ ಇಲ್ಲ. ಕಾರ್ಖಾನೆಯವರು ಕೊರೆದ ಗುರುತು ಇರುತ್ತಲ್ಲ ಅಂತೀರಿ. ಇರುತ್ತೆ, ಆದರೆ ಮಾವ ಯಾವಾಗಲೋ ಎರಡು ಚಕ್ರವೂ ಸವೆದಾಗ ಬೇರೆ ಕಾರಿನವು ತಂದು ಕೂರಿಸಿದ್ದರು. ಅವುಗಳ ಗುರುತು ಈ ಇಂಜಿನ್ನಿಗೆ ಹೇಳೋದೆಲ್ಲ ಸುಳ್ಳು. ಮಾವನನ್ನೇ ಕೇಳೋಣ ಅಂದ್ರೆ ಕೀಲಿ ಆಸೆ ಅಲ್ಲಿಗೇ ಮುಗೀತು. ಅಂದಾಜಿಗೆ ಹಾಕೋಣ ಅಂದ್ರೆ ಮಾವ ಕೀಲಿ ತಿರುವಿದ ತಕ್ಷಣ ಇಂಜಿನ್ನೇ ಮುಗೀತು.

ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ ಅವನ ಹೆಂಡತಿ ಬಟ್ಟೆ ಹೊಲೀತಾಳೆ. ಬುಗುರಿ ಅಲ್ಲಿಗೆ ಹೋಗಿ ಗೋಡೆಯಿಂದ ಗೋಡೆಗೆ ತಿರುಗೋಕೆ ಶುರುಮಾಡಿದ. ಕತ್ತರಿ ಎತ್ತಿದ, ಇಟ್ಟ. ದಾರದ ಉಂಡೆ ಎತ್ತಿದ, ಬೀಳಿಸಿದ.

"ಏನ್ರೀ ಅದು, ಬಾಲ ಸುಟ್ಟ ಬೆಕ್ಕಿನ ಥರ?" ಅಂದಳು, ತಲೆ ಎತ್ತದೆ.

"ಗುರುತು ಹೋಯ್ತು ಕಣೇ."

"ಯಾರು ಒರೆಸಿದ್ದು?"

ಅವನು ಬಿದ್ದ ಉಂಡೆ ಎತ್ತೋಕೆ ಬಗ್ಗಿದ. ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು. "ಅಪ್ಪ ಹೇಳಿದ್ದು ಸರಿಯಾಗೇ ಇದೆ ಹಾಗಾದ್ರೆ."

"ನಿಮ್ಮಪ್ಪ ಹೇಳೋದು ಯಾವಾಗ ತಪ್ಪಾಗಿದೆ, ಅದೇ ಕಷ್ಟ. ಮೊದಲನೇ ಪಿಸ್ಟನ್ ಎಲ್ಲಿ ನೆತ್ತಿಗೆ ಬರುತ್ತೆ ಅಂತ ಸಿಕ್ಕಿಬಿಟ್ರೆ ಮಿಕ್ಕಿದ್ದು ಮಾಡ್ಕೋತೀನಿ. ಪ್ಲಗ್ ಬಿಚ್ಚಿ ಆ ತೂತಲ್ಲಿ ಕಡ್ಡಿ ಇಳಿಸಿ ನೋಡಬಹುದು. ಆದರೆ ನೆತ್ತೀಲಿ ಪಿಸ್ಟನ್ ಒಂದು ಗಳಿಗೆ ನಿಂತ ಹಾಗೆ ಇರುತ್ತೆ. ಅದು ನಿಂತಿರೋದು ಗೊತ್ತಾಗ್ಬೇಕಾದ್ರೆ ನನ್ನ ಕೈ ನಿಲ್ಲಬೇಕಲ್ಲ."

ಅವಳು ಅವನ ಕೈ ನೋಡಿದಳು. ಆಗಲೂ ಅದು ಬಟ್ಟೆಯ ಅಂಚು ಕೀಳ್ತಿತ್ತು.

"ನೆತ್ತಿ ಯಾಕೆ ಹುಡುಕ್ತೀರಿ? ರವಿಕೆ ಬೆನ್ನಿನ ನಡುಮಧ್ಯ ನಾನು ಕಣ್ಣಲ್ಲಿ ಹುಡುಕ್ತೀನಾ? ಈ ಅಂಚು ಹಿಡೀತೀನಿ, ಆ ಅಂಚು ಹಿಡೀತೀನಿ, ಮಡಿಸ್ತೀನಿ. ಹತ್ತೋವಾಗ ಒಂದು ಗುರುತು ಹಾಕಿ, ಅಷ್ಟೇ ಎತ್ತರಕ್ಕೆ ಇಳಿಯೋವಾಗ ಇನ್ನೊಂದು ಹಾಕಿ. ನಡುವೆ ನಾನು ಮಡಿಸಿ ಕೊಡ್ತೀನಿ."

ಬುಗುರಿ ಬಾಯಿ ತೆಗೆದವನು ತೆಗೆದ ಹಾಗೇ ನಿಂತ. ಅವನು ನಿಂತಿದ್ದನ್ನ ನೋಡಿದ್ದು ಅದೇ ಮೊದಲು ಅಂತ ಅವಳು ಈಗಲೂ ನಗ್ತಾಳೆ.

ಮೊದಲು ಇಂಜಿನ್ ಮೇಲಿನ ಮುಚ್ಚಳ ತೆಗೆದು, ವಾಲ್ವುಗಳನ್ನ ಒತ್ತೋ ತೋಳುಗಳನ್ನ ಬಿಚ್ಚಿ ಈಚೆ ಇಟ್ಟ. ವಾಲ್ವುಗಳೆಲ್ಲ ಬಾಯಿ ಮುಚ್ಕೊಂಡು ಕೂತವು, ಇನ್ನು ಪಿಸ್ಟನ್ ಎಷ್ಟು ಮೇಲೆ ಬಂದರೂ ತಗಲಲ್ಲ. ಪ್ಲಗ್ ಬಿಚ್ಚಿ ಆ ತೂತಿಗೆ ಸ್ವೆಟರ್ ಹೆಣೆಯೋ ಕಡ್ಡಿ ಇಳಿಸಿದ. ಕಡ್ಡಿಗೆ ಅವಳು ಬಿಳೀ ದಾರ ಬಿಗಿದಿದ್ದಳು. ಅವನು ಸ್ಪ್ಯಾನರ್ ಹಾಕಿ ಕೆಳಗಿನ ಚಕ್ರ ತಿರುಗಿಸಿದ ಹಾಗೆ ಕಡ್ಡಿ ಏರ್ತು.

"ದಾರ ಬಾಯಿಗೆ ಬಂತು, ಹಿಡೀರಿ," ಅಂದಳು. ಇಂಜಿನ್ ಮೈಮೇಲಿನ ಒಂದು ಬೋಲ್ಟಿಗೆ ನೇರವಾಗಿ ಚಕ್ರದ ಮೇಲೆ ಸೀಮೆಸುಣ್ಣದ ಗೀರು. ಕಡ್ಡಿ ಇನ್ನೂ ಏರಿ, ತಿರುಗಿ ಇಳೀತು. "ಮತ್ತೆ ಬಂತು." ಇನ್ನೊಂದು ಗೀರು. ಅಳತೆ ಟೇಪನ್ನ ಚಕ್ರದ ಅಂಚಿಗೆ ಸುತ್ತಿ ಗೀರಿಂದ ಗೀರಿಗೆ ಹಿಡಿದು, ಅರ್ಧಕ್ಕೆ ಮಡಿಸಿ, ನಡುವೆ ಉಗುರಿಟ್ಟು ತೋರಿಸಿದಳು. ಅಲ್ಲಿ ಬುಗುರಿ ಉಗುರುಬಣ್ಣ ಹಚ್ಚಲಿಲ್ಲ. ಅರದ ಮೂಲೆಯಿಂದ ಕೊರೆದ.

ಅಷ್ಟರಲ್ಲಿ ಪಂಪೂ ಬಂತು. ಅದನ್ನ ಕೂರಿಸಿದ. ಕೆಳಗಿನ ಚಕ್ರವನ್ನ ಕಾಲು ಸುತ್ತು ಹಿಂದಕ್ಕೆ ಎಳೆದು ಪಿಸ್ಟನ್ನುಗಳನ್ನ ತಗ್ಗಿಸಿ, ತೋಳುಗಳನ್ನ ಮತ್ತೆ ಬಿಗಿದ. ಮೇಲಿನ ಚಕ್ರ ತಿರುಗಿಸಿದ್ರೆ ಕೊನೇ ಪಿಸ್ಟನ್ನಿನ ಎರಡು ತೋಳು ಮಕ್ಕಳ ಏತಪಾತದ ಹಾಗೆ ಒಂದು ಏಳ್ತಿತ್ತು, ಇನ್ನೊಂದು ಬಗ್ಗುತಿತ್ತು. ಮೊದಲನೇ ಪಿಸ್ಟನ್ ನೆತ್ತೀಲಿದ್ದಾಗ ಅವೆರಡೂ ಸಮ ನಿಲ್ಲಬೇಕು; ಹಾಗೆ ನಿಂತ ಕಡೆ ಬಿಟ್ಟು, ಅಲ್ಲೂ ಗೀರು ಕೊರೆದ. ಕೆಳಗಿನದನ್ನ ಗುರುತಿಗೆ ತಂದು ಬೆಲ್ಟ್ ಏರಿಸಿ ಬಿಗಿ ಮಾಡ್ತಿದ್ದಾನೆ, ಬಾಗಿಲಲ್ಲಿ ಕೋಲಿನ ಸದ್ದು.

ಮಾವ ಒಬ್ಬರೇ ಬರಲಿಲ್ಲ, ಟೈರಿನವನನ್ನೂ ಕರ್ಕೊಂಡು ಬಂದಿದ್ದರು. ಟೈರಿನವನು ಆಗಲೇ ಗೋಡೆ ನೋಡ್ತಾ, ಇಲ್ಲಿ ಕಂಪ್ರೆಸರ್ ಇಡಬಹುದು ಅಂತ ಕಣ್ಣಲ್ಲೇ ಅಳೀತಿದ್ದ. ಮಾವ ನೇರ ಹೋಗಿ ಕಾರಲ್ಲಿ ಕೂತು ಕೀಲಿ ಹಾಕಿದರು.

"ತಿರುವಲಾ?"

ಬುಗುರಿ ಹೂಂ ಅಂದ್ರೆ ಸಾಕು, ಈ ಸಂಕಟ ಆ ಕಡೆಗೋ ಈ ಕಡೆಗೋ ಮುಗಿದುಹೋಗುತ್ತೆ. ಕಾಯೋದಕ್ಕಿಂತ ಕೆಡೋದೇ ಮೇಲು ಅನ್ಸೋ ಜಾತಿ ಅವನದು. ನಾಲಗೆ ತುದೀತನಕ ಬಂದಿತ್ತು ಹೂಂ.

"ಬೇಡಿ ಮಾವ. ಕೀಲಿ ಈಚೆ ತೆಗೀರಿ. ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡ್ಬೇಕು."

"ನಾನು ಬಂದಾಗಿದೆಯಲ್ಲ."

"ಬಂದಿದೀರಿ, ಕೂತ್ಕೊಳ್ಳಿ."

ಟೈರಿನವನು ಕಿಸಕ್ಕಂತ ನಕ್ಕ. ಬುಗುರಿ ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿದ, ಹಾಲು ತುಂಬಿದ ಪಾತ್ರೆ ಇಳಿಸೋ ಹಾಗೆ. ಎರಡು ಸುತ್ತು ಮುಗಿದಾಗ ಕೆಳಗಿನ ಗೀರು ಜಾಗಕ್ಕೆ ಬಂತು, ಮೇಲಿನದು ಬರಲಿಲ್ಲ. ಒಂದು ಹಲ್ಲು ಹಿಂದೆ. ಬೆಲ್ಟ್ ಬಿಗಿ ಮಾಡೋವಾಗ ಜಾರಿತ್ತು.

ಅವನು ಮಾವನ ಕಣ್ಣೆದುರೇ ಬಿಗಿ ಸಡಿಲಿಸಿ, ಹಾಕಿದ ಬೆಲ್ಟನ್ನ ಮತ್ತೆ ಬಿಚ್ಚಿದ. ಮಾವ ಕಾರಿಂದ ಇಳಿದು, ಕೋಲೂರಿಕೊಂಡು ಬಂದು ಬಗ್ಗಿ ನೋಡಿದರು. ಹೊಳೆಯೋ ಇಂಜಿನ್ ನೋಡಿದರು, ಕೊರೆದ ಗೀರು ನೋಡಿದರು, ಸೀಮೆಸುಣ್ಣದ ಎರಡು ಗೆರೆ ನೋಡಿದರು, ಮಗಳ ಕುತ್ತಿಗೇಲಿದ್ದ ಜಿಡ್ಡಿನ ಟೇಪ್ ನೋಡಿದರು.

"ಒರೆಸಿದೆಯೇನೋ," ಅಂದರು.

"ಒರೆಸಿದೆ ಮಾವ."

ಬುಗುರಿ ಬೆಲ್ಟನ್ನ ಒಂದು ಹಲ್ಲು ಸರಿಸಿ ಹಾಕಿದ, ಬಿಗಿದ, ಮತ್ತೆ ಎರಡು ಸುತ್ತು. ಈ ಸಲ ಎರಡು ಗೀರೂ ಜಾಗಕ್ಕೆ ಬಂದು ನಿಂತವು. ಬಿಚ್ಚಿದ್ದನ್ನೆಲ್ಲ ಮುಚ್ಚಿ, ಪ್ಲಗ್ ಹಾಕಿ, ನೀರು ತುಂಬಿಸಿ, "ಈಗ ತಿರುವಿ" ಅಂದ. ಇಂಜಿನ್ ಒಂದು ಸಲ ಕೆಮ್ಮಿತು, ಆಮೇಲೆ ಹಿಡ್ಕೊಂಡಿತು. ಕೂಸು ನಿದ್ದೆ ಮಾಡೋ ಹಾಗೆ ಒಂದೇ ಉಸಿರು.

ಮಾವ ಓಡಿಸ್ಕೊಂಡು ಹೋಗಲಿಲ್ಲ, ಸುಮ್ಮನೆ ಕೂತು ಕೇಳಿಸ್ಕೊಂಡರು. ಟೈರಿನವನ ಕಡೆ ತಿರುಗಿ "ನೀನಿನ್ನು ಹೊರಡಪ್ಪ, ಅಂಗಡೀಲಿ ಯಾರೋ ಕಾಯ್ತಿರಬೇಕು" ಅಂದರು. ಜೇಬಿಂದ ಶೆಡ್ಡಿನ ಕೀಲಿ ತೆಗೆದರು. ಬುಗುರಿ ಕೈ ಒರೆಸ್ಕೊಂಡು ಚಾಚಿದ. ಅವರು ಆ ಕೈ ದಾಟಿಸಿ ಮಗಳಿಗೆ ಕೊಟ್ಟರು.

"ಶೆಡ್ಡು ಅವನದು. ಕೀಲಿ ನಿನ್ನ ಹತ್ರ ಇರ್ಲಿ. ಅವನ ಹತ್ರ ಇದ್ರೆ ನಡುರಾತ್ರೀಲೂ ಬಾಗಿಲು ತೆಗೆದು ಏನಾದ್ರೂ ಒರೆಸ್ತಿರ್ತಾನೆ."

ಬುಗುರಿ ನಕ್ಕನೋ ಮುನಿಸಿಕೊಂಡನೋ ನೋಡೋಣ ಅಂತ ಇಬ್ಬರೂ ತಿರುಗಿದರೆ ಅವನಲ್ಲಿ ಎಲ್ಲಿದ್ದಾನೆ, ಆಗಲೇ ಕಾರಿನ ಹಿಂದೆ ಹೋಗಿ ನಂಬರ್ ಪ್ಲೇಟಿನ ಸಡಿಲ ಸ್ಕ್ರೂ ಬಿಗೀತಿದ್ದ.